ಅವ್ವನ ಬದಲು ನಾನು ಹಿಡಿದ ಎಲೆಅಡಿಕೆ

ನಮ್ಮವ್ವ ಯಾರದಾದರೂ ಎಲೆಅಡಿಕೆಗೆ ಕೈ ಒಡ್ಡಿದಳು ಅಂದರೆ ಮುಗಿಯಿತು. ಆಮೇಲೆ ಆ ಬಸುರಿಗೆ ಹೆರಿಗೆ ಆಗುವ ತನಕ ಅವ್ವ ಅವಳ ಸ್ವತ್ತು. ಹಬ್ಬವಿರಲಿ, ನೆಂಟರ ಮದುವೆಯಿರಲಿ, ನಾನು ಜ್ವರ ಬಂದು ಮಲಗಿರಲಿ, ಹೇಳಿಕಳಿಸಿದರೆ ಚೀಲ ಹಿಡಿದು ಹೊರಟೇಬಿಡುತ್ತಿದ್ದಳು. ಹದಿನಾರು ಅನ್ನುವ ಊರಿನ ಸುತ್ತಲ ನಾಲ್ಕು ಹಳ್ಳಿಗಳಿಗೆ ಅವಳು ಸರ್ಕಾರಿ ನರ್ಸು. ನಾವಿದ್ದದ್ದು ನಂಜನಗೂಡಿನಲ್ಲಿ. ಅಪ್ಪ ಅಲ್ಲಿನ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ನಾನೊಬ್ಬಳೇ ಮಗಳು. ಹಳ್ಳಿಯ ಹೆಂಗಸರೆಲ್ಲ ಅವಳನ್ನು ‘ಅವ್ವ, ಅವ್ವ’ ಎಂದು ಕರೆಯುವುದನ್ನು ಕೇಳಿದಾಗ ನನಗೆ ಹೊಟ್ಟೆ ಉರಿಯುತ್ತಿತ್ತು. ಊರಿಗೆಲ್ಲ ಅವ್ವ, ನನ್ನ ಪಾಲಿಗೆ ಮಾತ್ರ ಬರೀ ನರ್ಸಮ್ಮ ಅಂತ ಒಂದು ಸಲ ಅವಳ ಎದುರಿಗೇ ಅಂದು ತಲೆಯ ಮೇಲೆ ಮೊಟಕಿಸಿಕೊಂಡಿದ್ದೆ.

ಎಲೆಅಡಿಕೆಯ ಈ ಕಾನೂನು ಸರ್ಕಾರದ್ದಲ್ಲ, ನಮ್ಮಜ್ಜಿಯದು. ಅವ್ವನ ಅವ್ವ ನರಸೀಪುರದ ಕಡೆ ಹೆಸರಾದ ಸೂಲಗಿತ್ತಿ. ಬಸುರಿಯ ಮನೆಯವರು ಮೊದಲೇ ಎಲೆಅಡಿಕೆ ಕೊಟ್ಟು ಹೇಳಿಹೋಗಬೇಕು, ಹಿಡಿದವಳು ಹೆರಿಗೆಯ ದಿನ ಎಲ್ಲಿದ್ದರೂ ಬರಬೇಕು. ಆದರೆ ನಾವು ಊರಾಚೆಯ ಕೇರಿಯವರು. ಅಜ್ಜಿಗೆ ಯಾರೂ ಎಲೆಯನ್ನು ಕೈಗೆ ಕೊಟ್ಟವರಲ್ಲ. ಕಲ್ಲಿನ ಮೇಲೆ ಇಟ್ಟು ದೂರ ಸರಿದು ನಿಲ್ಲುತ್ತಿದ್ದರು, ಅವಳು ಬಗ್ಗಿ ಎತ್ತಿಕೊಳ್ಳುತ್ತಿದ್ದಳು. ಹೆರಿಗೆಯ ದಿನ ಹಿತ್ತಿಲ ಬಾಗಿಲಿಂದ ಒಳಗೆ, ಹಿತ್ತಿಲ ಬಾಗಿಲಿಂದಲೇ ಹೊರಗೆ. ಕೂಸನ್ನು ಎಲ್ಲರಿಗಿಂತ ಮೊದಲು ಮುಟ್ಟಿದ ಕೈ ಅದು, ಆದರೆ ನಾಮಕರಣದ ದಿನ ಆ ಕೈಗೆ ಮನೆಯೊಳಗೆ ಊಟದ ಎಲೆ ಹಾಕುತ್ತಿರಲಿಲ್ಲ. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅಜ್ಜಿ ಮಾತ್ರ ಇದನ್ನೆಲ್ಲ ಯಾರದೋ ಕತೆಯ ಹಾಗೆ ನಗುತ್ತ ಹೇಳುತ್ತಿದ್ದಳು.

ಅವ್ವ ನರ್ಸಿಂಗ್ ಕಲಿತು ಬಿಳಿ ಸೀರೆ ಉಟ್ಟು ಹಳ್ಳಿಗೆ ಹೋದ ಮೊದಲ ದಿನವೇ ಎರಡು ಮಾತು ಹೇಳಿದಳಂತೆ. ಒಂದು, ನಾನು ಮುಂಬಾಗಿಲಿಂದ ಬರುತ್ತೇನೆ. ಎರಡು, ಎಲೆಅಡಿಕೆಯನ್ನು ಕೈಗೆ ಕೊಡಬೇಕು, ಇಟ್ಟು ಹೋದರೆ ನಾನು ಹಿಡಿದ ಹಾಗಲ್ಲ. ಮೊದಲ ವರ್ಷ ಯಾರೂ ಕೊಡಲಿಲ್ಲವಂತೆ. ಹೊತ್ತಿಗೆ ಸರಿಯಾಗಿ ಒಂದು ಕಷ್ಟದ ಹೆರಿಗೆ ಬಂತು, ತಾಯಿ ಮಗು ಇಬ್ಬರೂ ಉಳಿದರು, ಆ ಮನೆಯ ಯಜಮಾನಿ ಎಲ್ಲರೂ ನೋಡುವ ಹಾಗೆ ಜಗಲಿಯ ಮೇಲೆ ನಿಂತು ಎಲೆಯನ್ನು ಅವ್ವನ ಅಂಗೈಯಲ್ಲಿಟ್ಟಳು. ಅಲ್ಲಿಂದಾಚೆ ಕೊಡದವರೇ ಇಲ್ಲ. ಅವ್ವ ಮನೆಯಲ್ಲಿ ಇಲ್ಲದಿದ್ದರೆ ನಾನೋ ಅಪ್ಪನೋ ಕೈ ಒಡ್ಡಿದರೂ ಸಾಕಿತ್ತು, ಅವಳೇ ಹಿಡಿದ ಲೆಕ್ಕ. ಹಾಗೆ ನಾನು ಎಷ್ಟೋ ಸಲ ಹಿಡಿದಿದ್ದೆ.

ನಾನು ಎಂಟನೆಯ ಕ್ಲಾಸಿನಲ್ಲಿದ್ದಾಗ, ಎಂಬತ್ತರ ದಶಕ ಶುರುವಾದ ಹೊಸತರಲ್ಲಿ, ದಸರಾ ರಜೆಯಲ್ಲಿ ಟಾಂಜಾನಿಯಾದಿಂದ ಒಂದು ನೀಲಿ ಕಾಗದ ಬಂತು. ಬರೆದವರು ಅವ್ವ ಕಲಿಯುತ್ತಿದ್ದಾಗ ನರಸೀಪುರದಲ್ಲಿದ್ದ ಲೇಡಿ ಡಾಕ್ಟರು. ಅವರು ಆಫ್ರಿಕಾಕ್ಕೆ ಹೋಗಿ ಹಳ್ಳಿಯೊಂದರ ಆಸ್ಪತ್ರೆ ಸೇರಿದ್ದು ನಮಗೆ ಗೊತ್ತಿತ್ತು. ಅಪ್ಪ ಗಟ್ಟಿಯಾಗಿ ಓದಿದ. ‘ಇಲ್ಲಿ ಹೆಂಗಸರು ಹೆರಿಗೆಗೆ ಎರಡು ದಿನ ನಡೆದು ಬರುತ್ತಾರೆ. ಕೆಲವರು ದಾರಿಯಲ್ಲೇ ಹೆರುತ್ತಾರೆ, ಕೆಲವರು ಬಂದು ಮುಟ್ಟುವುದೇ ಇಲ್ಲ. ಇಲ್ಲಿಯ ಹುಡುಗಿಯರಿಗೆ ಹೆರಿಗೆ ಮಾಡಿಸುವುದನ್ನು ಕಲಿಸಬೇಕು. ದೊಡ್ಡ ಓದಿನವರು ಬರುತ್ತಾರೆ, ಕರೆಂಟು ಇಲ್ಲವೆಂದು ಆರು ತಿಂಗಳಿಗೆ ಹೊರಡುತ್ತಾರೆ. ನನಗೆ ನೀನು ಬೇಕು. ಕನಿಷ್ಠ ಐದು ವರ್ಷ. ನಿಮ್ಮ ಮೇಷ್ಟ್ರಿಗೆ ಪಕ್ಕದ ಶಾಲೆಯಲ್ಲಿ ಲೆಕ್ಕ ಹೇಳುವ ಕೆಲಸವಿದೆ, ಮಗಳೂ ಅಲ್ಲೇ ಓದಬಹುದು. ಜೂನ್ ಮೊದಲ ವಾರಕ್ಕೆ ಹೊಸ ಹೆರಿಗೆ ವಾರ್ಡು ತೆಗೆಯುತ್ತೇವೆ, ಅಷ್ಟರಲ್ಲಿ ಬನ್ನಿ.’

ಅಪ್ಪನಿಗೆ ಅವತ್ತೇ ರೆಕ್ಕೆ ಬಂತು. ಅವನು ಸುತ್ತೂರಿನ ಮಠದ ಹಾಸ್ಟೆಲ್ಲಿನಲ್ಲಿದ್ದು ಓದಿದವನು. ‘ಯಾರೋ ಕಾಣದೋರು ಬೇಯಿಸಿಟ್ಟ ಅನ್ನ ಉಂಡು ಮೇಷ್ಟ್ರಾದೋನು ನಾನು. ಕಾಣದೋರ ಮಕ್ಕಳಿಗೆ ನಾಲ್ಕು ಲೆಕ್ಕ ಹೇಳ್ಕೊಟ್ಟರೆ ನಂಗೂ ಸಮಾಧಾನ’ ಅಂದ. ಗೋಡೆಯ ಮೇಲಿದ್ದ ಬುದ್ಧನ ಪಟದ ಕೆಳಗೆ ಸ್ಕೂಲಿನಿಂದ ತಂದ ಹಳೆಯ ಕಪ್ಪುಹಲಗೆಯೊಂದನ್ನು ನೇತುಹಾಕಿ, ಒಂದು ಕಡೆ ‘ಹೋಗುವುದಾದರೆ’, ಇನ್ನೊಂದು ಕಡೆ ‘ಹೋಗದಿದ್ದರೆ’ ಎಂದು ಬರೆದ. ಮೊದಲನೆಯ ಸಾಲು ದಿನದಿನಕ್ಕೂ ಬೆಳೆಯಿತು, ಎರಡನೆಯದರಲ್ಲಿ ಗೀರೂ ಇರಲಿಲ್ಲ. ಡಾಕ್ಟರು ಕಳಿಸಿದ ಸಣ್ಣ ಪುಸ್ತಕ ಹಿಡಿದು ಅಲ್ಲಿಯ ಸ್ವಾಹಿಲಿ ಭಾಷೆ ಕಲಿಯಲು ಕೂತ. ಹಲ್ಲುಜ್ಜುವಾಗಲೂ ಒಂದರಿಂದ ಹತ್ತು ಎಣಿಸುತ್ತಿದ್ದ. ನಮ್ಮ ಪಕ್ಕದ ಮನೆಯವರು ಮೇಷ್ಟ್ರಿಗೆ ಏನಾಯಿತು ಎಂದು ಅವ್ವನನ್ನು ಕೇಳಿದರು.

ಅವ್ವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವಳ ಕಣ್ಣು ಆ ಕಾಗದದ ಮೇಲೆ ಬಿದ್ದಾಗ ಹೇಗಾಗುತ್ತಿತ್ತು ಅನ್ನುವುದನ್ನು ನಾನು ಕಂಡಿದ್ದೆ. ಹಪ್ಪಳ ಒಣಗಿಸುವಾಗ, ಬಟ್ಟೆ ಮಡಿಸುವಾಗ ಸುಮ್ಮನೆ ಹೋಗಿ ಅದನ್ನು ತೆಗೆದು ಓದಿ ಮತ್ತೆ ಅಲ್ಲೇ ಇಡುತ್ತಿದ್ದಳು. ಅಂಥ ಕೆಲಸಕ್ಕೆ ತನ್ನನ್ನೇ ಹೆಸರು ಹಿಡಿದು ಕರೆದಿದ್ದಾರೆ ಅನ್ನುವುದೇ ಅವಳಿಗೆ ದೊಡ್ಡದು. ಅಪ್ಪ ಕೇಳಿದಾಗಲೆಲ್ಲ ಒಂದೇ ಉತ್ತರ.

‘ನಾಲ್ಕು ಜನದ ಎಲೆ ಹಿಡಿದಿವ್ನಿ. ಕೊನೇದು ಯುಗಾದಿ ಹೊತ್ಗೆ. ಅದು ಮುಗೀಲಿ.’

‘ಆಮೇಲೆ?’

‘ಇನ್ಮೇಲೆ ಹೊಸ ಎಲೆ ಹಿಡಿಯಾಕಿಲ್ಲ ಬುಡಿ.’

ಅಪ್ಪನಿಗೆ ಅಷ್ಟು ಸಾಕಾಯಿತು. ದೀಪಾವಳಿಯಿಂದ ಅವ್ವ ನಿಜವಾಗಲೂ ಎಲೆ ಹಿಡಿಯುವುದನ್ನು ನಿಲ್ಲಿಸಿದಳು. ಬಂದವರನ್ನು ಕೂರಿಸಿ, ಕಾಫಿ ಕೊಟ್ಟು, ‘ಹೊಸ ನರ್ಸು ಬಂದವ್ಳೆ, ಕೈ ಚೆನ್ನಾಗದೆ, ಅವಳಿಗೆ ಕೊಡಿ’ ಎಂದು ಕಳಿಸುತ್ತಿದ್ದಳು. ಹೊಸ ನರ್ಸು ಅಂದರೆ ಅವಳ ಕೈಕೆಳಗೆ ಬಂದಿದ್ದ ಇಪ್ಪತ್ತೆರಡರ ಹುಡುಗಿ, ತಗಡೂರಿನವಳು. ಮಾತಾಡಿದರೆ ತನಗೇ ಕೇಳಿಸದಷ್ಟು ಮೆತ್ತಗೆ. ಹೆಂಗಸರು ಮುಖ ಸಣ್ಣ ಮಾಡಿಕೊಂಡು ಎಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ವಾಪಸು ಹೋಗುತ್ತಿದ್ದರು.

ಈಗ ನನ್ನ ವಿಚಾರ. ನನಗೆ ಹೋಗಲು ಸುತರಾಂ ಇಷ್ಟವಿರಲಿಲ್ಲ. ಕಾರಣವನ್ನು ಈಗ ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ನಮ್ಮ ಸ್ಕೂಲಿನ ಥ್ರೋಬಾಲ್ ಟೀಮಿಗೆ ಜೂನ್ ತಿಂಗಳಿಂದ ನಾನು ಕ್ಯಾಪ್ಟನ್ ಅಂತ ಪಿ.ಟಿ. ಮೇಡಂ ಹೇಳಿಯಾಗಿತ್ತು. ಮೈಸೂರಿನಲ್ಲಿ ಮ್ಯಾಚು. ಎರಡು ವರ್ಷ ಅದಕ್ಕೆ ಕಾದಿದ್ದೆ. ಅಪ್ಪನ ಹಲಗೆಯ ಖಾಲಿ ಸಾಲಿನಲ್ಲಿ ಒಂದು ದಿನ ‘ಥ್ರೋಬಾಲ್’ ಎಂದು ಬರೆದಿಟ್ಟೆ. ಅಪ್ಪ ಅದರ ಮುಂದೆ ‘ಅಲ್ಲೂ ಆಡಬಹುದು’ ಎಂದು ಬರೆದು ಮುಗಿಸಿದ. ಆದರೆ ಥ್ರೋಬಾಲಿನ ಕೆಳಗೆ ಇನ್ನೊಂದಿತ್ತು, ಅದನ್ನು ಹಲಗೆಯ ಮೇಲೆ ಬರೆಯಲು ಬರುತ್ತಿರಲಿಲ್ಲ. ನಾಲ್ಕು ಹಳ್ಳಿಯ ಜೊತೆ ಹಂಚಿಕೊಂಡು ನನಗೆ ಉಳಿದ ಅವ್ವನೇ ಇಷ್ಟು. ಇನ್ನು ಆಫ್ರಿಕಾಕ್ಕೂ ಹಂಚಿದರೆ ನನಗೇನು ಉಳಿಯುತ್ತದೆ ಅನ್ನುವ ಸಂಕಟ. ಕಾಣದೂರಿನ ಬಸುರಿಯರ ಮೇಲೆ ನನಗೆ ಆಗಲೇ ಕೋಪ ಬಂದಿತ್ತು.

ಸಂಕ್ರಾಂತಿಗೆ ನರಸೀಪುರದ ಅಜ್ಜಿಯ ಮನೆಗೆ ಹೋದೆವು. ನನ್ನ ನಂಬಿಕೆಯೆಲ್ಲ ಅಜ್ಜಿಯ ಮೇಲೆ. ಮಾವನ ಮನೆಯನ್ನು, ಮಾವನ ನಾಲ್ಕು ಮಕ್ಕಳನ್ನು, ಬೀದಿಯ ಅರ್ಧವನ್ನು ಆಳುತ್ತಿದ್ದ ಮುದುಕಿ ಅವಳು, ಮಗಳನ್ನು ಸಮುದ್ರದಾಚೆ ಕಳಿಸುತ್ತಾಳೆಯೇ ಅಂದುಕೊಂಡಿದ್ದೆ. ಅಪ್ಪ ಅರ್ಧ ಗಂಟೆ ಎಲ್ಲವನ್ನೂ ಬಿಡಿಸಿ ಹೇಳಿದ. ಅಜ್ಜಿ ಎಳ್ಳುಬೆಲ್ಲ ಅಗಿಯುತ್ತ ಕೇಳಿದಳು. ಕೊನೆಗೆ ಅಪ್ಪನನ್ನು ಬಿಟ್ಟು ಮಗಳ ಕಡೆ ತಿರುಗಿದಳು.

‘ಅಲ್ಲಿ ಯಾವ ಬಾಗ್ಲಿಂದ ಒಳೀಕೆ ಕರೀತಾರೆ ಮಗ?’

‘ಮುಂಬಾಗ್ಲಿಂದ್ಲೇ ಕಣವ್ವ.’

‘ಅಂಗಾದ್ರೆ ಓಗು. ನಾ ಕಂಡಿದ್ದು ಎಂಟೂರಿನ ಹಿತ್ತಿಲು. ನೀನು ಓಗಿ ಮುಂಬಾಗ್ಲು ನೋಡ್ಕಂಡು ಬಾ.’

ಅವ್ವ ಅಜ್ಜಿಯ ಮೊಣಕಾಲು ಹಿಡಿದು ಕೂತಳು. ನನಗೆ ಇದ್ದ ಒಂದು ಬಾಗಿಲೂ ಮುಚ್ಚಿತು. ಬಸ್ಸಿನಲ್ಲಿ ಮೂತಿ ಊದಿಸಿಕೊಂಡು ಕಿಟಕಿಯ ಕಡೆ ನೋಡುತ್ತ ನಂಜನಗೂಡು ಸೇರಿದೆ.

ಅದಾಗಿ ಎರಡು ವಾರಕ್ಕೆ, ಒಂದು ಭಾನುವಾರ, ಅಪ್ಪ ಪಾಸ್‌ಪೋರ್ಟಿನ ಕೆಲಸಕ್ಕೆ ಬೆಂಗಳೂರಿಗೆ ಹೋಗಿದ್ದ. ಅವ್ವ ಹಳ್ಳಿಯಲ್ಲಿ. ನಾನು ಒಬ್ಬಳೇ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಹದಿನಾರಿನ ಆಚೆಯ ಹಳ್ಳಿಯವಳು, ಇಪ್ಪತ್ತೈದು ಇಪ್ಪತ್ತಾರು ಇರಬಹುದು. ಬಿಸಿಲಿಗೆ ಮುಖ ಕೆಂಪಾಗಿತ್ತು.

‘ನರ್ಸವ್ವ ಇಲ್ವಾ ಕೂಸೇ?’

‘ಇಲ್ಲ. ಡ್ಯೂಟೀಲವ್ಳೆ.’

ಅವಳು ಜಗಲಿಯ ತುದಿಯಲ್ಲಿ ಕೂತು ನೀರು ಕುಡಿದಳು. ‘ನಂಗೆ ಎರಡು ತಿಂಗಳು ಕಣವ್ವ. ಇಷ್ಟು ಬಿರ್‍ನೆ ಯಾರೂ ಎಲೆ ಕೊಡಾಕಿಲ್ಲ, ಗೊತ್ತು. ಮೊದಲ ಎರಡೂ ಉಳೀಲಿಲ್ಲ. ಅದ್ಕೇ ಭಯ. ನಿಮ್ಮವ್ವ ಈಗ ಯಾರ ಎಲೇನೂ ಹಿಡಿಯಾಕಿಲ್ವಂತೆ, ಪರದೇಶಕ್ಕೆ ಓಯ್ತಾರಂತೆ ಅಂತ ಅಂದ್ರು. ದಿಟವಾ?’

ನಾನು ಲೆಕ್ಕದ ಮೇಷ್ಟ್ರ ಮಗಳು. ಅವಳ ಮಾತು ಮುಗಿಯುವಷ್ಟರಲ್ಲಿ ನನ್ನ ಬೆರಳು ಎಣಿಸಿ ಮುಗಿಸಿತ್ತು. ಎರಡು ತಿಂಗಳು ಅಂದರೆ ಹೆರಿಗೆ ಆಗಸ್ಟ್ ಕೊನೆಗೆ. ಜೂನ್ ತಿಂಗಳ ವಾರ್ಡಿಗೆ ಆಗ ಅವ್ವ ಹೋಗುವ ಹಾಗಿಲ್ಲ. ಇದನ್ನು ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವ ಆಸೆ ನನಗೆ ಎಷ್ಟೋ ವರ್ಷ ಇತ್ತು. ಗೊತ್ತಿದ್ದೇ ಮಾಡಿದೆ. ಎದ್ದು ನಿಂತು ಅವರೆಕಾಯಿಯ ಸೊಗಡು ಮೆತ್ತಿದ್ದ ಎರಡೂ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಮುಂದೆ ಚಾಚಿದೆ.

‘ಇನ್ನೂ ಏನೂ ತೀರ್ಮಾನ ಆಗಿಲ್ಲ. ಕೊಡಿ’ ಅಂದೆ.

ಅವಳು ಸೆರಗಿನ ಗಂಟು ಬಿಚ್ಚಿ ಐದು ಎಲೆ, ಎರಡು ಅಡಿಕೆ ನನ್ನ ಅಂಗೈಯಲ್ಲಿಟ್ಟಳು. ಆಮೇಲೆ ನನ್ನ ಬೆರಳುಗಳನ್ನು ಅದರ ಮೇಲೆ ಮಡಿಸಿ, ಆ ಮುಷ್ಟಿಯನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು. ನಾನು ಕೈ ಎಳೆದುಕೊಂಡೆ. ಅವಳು ಬಸ್ಸಿಗೆ ಹೊತ್ತಾಯಿತೆಂದು ಹೊರಟಳು.

ಸಂಜೆ ಅವ್ವ ಬಂದಳು. ಕಾಲು ತೊಳೆದು ಒಳಗೆ ಬಂದವಳ ಕಣ್ಣಿಗೆ ತಟ್ಟೆಯಲ್ಲಿದ್ದ ಎಲೆ ಬಿತ್ತು. ಯಾರದು, ಎಷ್ಟು ತಿಂಗಳು ಎಂದು ವಿಚಾರಿಸಿದಳು. ಹೇಳಿದೆ.

‘ಕೈಗೆ ಕೊಟ್ಟಳಾ, ಇಟ್ಟು ಹೋದಳಾ?’

ಇಟ್ಟು ಹೋದಳು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವ್ವ ನನ್ನನ್ನೇ ನೋಡುತ್ತಿದ್ದಳು.

‘ಕೈಗೆ’ ಅಂದೆ.

ಅವ್ವ ಒಂದು ಎಲೆ ತೆಗೆದು ಸುಣ್ಣ ಸವರಿ ಬಾಯಿಗೆ ಹಾಕಿಕೊಂಡಳು. ಅವಳು ಎಲೆ ಹಾಕುವುದು ಅಪರೂಪ, ಹಿಡಿದ ಎಲೆಯಲ್ಲಿ ಒಂದನ್ನು ಮಾತ್ರ, ಮಾತು ಗಟ್ಟಿಯಾಯಿತು ಅನ್ನುವುದಕ್ಕೆ. ನನಗೆ ಗೆದ್ದ ಹಾಗಾಯಿತು. ಆದರೂ ಅವತ್ತಿನ ಅವರೆಕಾಳಿನ ಸಾರು ನನಗೆ ಸೇರಲಿಲ್ಲ.

ಅಪ್ಪ ಬೆಂಗಳೂರಿಂದ ಬಂದು ವಿಷಯ ಕೇಳಿದವನು ನನಗೊಂದು ಮಾತೂ ಬೈಯಲಿಲ್ಲ. ನನ್ನನ್ನು ಅನುಮಾನಿಸಲೂ ಇಲ್ಲ, ಚಿಕ್ಕ ಹುಡುಗಿ, ರೂಢಿಯಿಂದ ಕೈ ಒಡ್ಡಿದ್ದಾಳೆ ಅಂದುಕೊಂಡ. ‘ಆ ಹೊಸ ಹುಡುಗೀಗೆ ವಹಿಸ್ಬಾರ್ದಾ ಇವ್ಳೇ?’ ಎಂದು ಅವ್ವನನ್ನು ಕೇಳಿದ. ‘ಎರಡು ಕಳ್ಕೊಂಡೋಳು. ನನ್ನೇ ನಂಬಿ ಬಂದವ್ಳೆ’ ಅಂದಳು ಅವ್ವ. ಅಪ್ಪ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಎಷ್ಟು ನಿಧಾನವಾಗಿ ಒರೆಸಿದ ಅಂದರೆ ನಾನು ಅಲ್ಲಿ ನಿಲ್ಲಲಾರದೆ ಬಚ್ಚಲಿಗೆ ಹೋಗಿ ಅತ್ತೆ. ಸೆಪ್ಟೆಂಬರಿಗೆ ಮುಂಚೆ ಬರಲಾಗುವುದಿಲ್ಲ ಎಂದು ಡಾಕ್ಟರಿಗೆ ಕಾಗದ ಹೋಯಿತು. ಏಪ್ರಿಲಿನಲ್ಲಿ ಉತ್ತರ ಬಂತು. ವಾರ್ಡು ಕಾಯುವ ಹಾಗಿಲ್ಲ, ಬೇರೆ ಒಬ್ಬರನ್ನು ಕೇಳಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ ಎಂದು ಬರೆದಿದ್ದರು. ಅವ್ವ ಓದಿ ಮಡಿಸಿಟ್ಟು ಹಸುವಿನ ಹಾಲು ತರಲು ಹೊರಟಳು.

ನನಗೆ ಬೇಕಾದದ್ದು ಸಿಕ್ಕಿತು. ಜೂನಿನಲ್ಲಿ ಕ್ಯಾಪ್ಟನ್ ಆದೆ. ಜುಲೈಯಲ್ಲಿ ಮೈಸೂರಿಗೆ ಹೋಗಿ, ಮೊದಲ ಮ್ಯಾಚಿನಲ್ಲೇ, ಇಪ್ಪತ್ತು ನಿಮಿಷದಲ್ಲಿ ಸೋತು, ಮೈದಾನದ ಹೊರಗೆ ಚುರುಮುರಿ ತಿಂದು ಅದೇ ದಿನ ವಾಪಸು ಬಂದೆವು. ಇಷ್ಟಕ್ಕೆ ಇಷ್ಟೆಲ್ಲ ಮಾಡಿದೆನಲ್ಲ ಎಂದು ಬಸ್ಸಿನಲ್ಲಿ ನನ್ನ ಮೇಲೆಯೇ ಅಸಹ್ಯವಾಯಿತು. ಅದಕ್ಕಿಂತ ಹೆಚ್ಚಾಗಿ ಕಾಡುತ್ತಿದ್ದದ್ದು ಅಪ್ಪ. ಅವನು ಈಗ ಹಲ್ಲುಜ್ಜುವಾಗ ಏನನ್ನೂ ಎಣಿಸುತ್ತಿರಲಿಲ್ಲ.

ಅವ್ವ ಆ ಹೆಂಗಸಿನ ಮನೆಗೆ ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದಳು, ಪ್ರತಿ ಸಲವೂ ಹೊಸ ನರ್ಸನ್ನು ಜೊತೆಗೆ ಕರೆದುಕೊಂಡು. ಒಂದು ಶನಿವಾರ ನಾನೂ ಬರುತ್ತೇನೆ ಅಂದೆ. ಯಾಕೆ ಎಂದು ಅವ್ವ ಕೇಳಲಿಲ್ಲ, ಚೀಲ ನನ್ನ ಹೆಗಲಿಗೆ ಹಾಕಿದಳು. ಆ ಮನೆಗೆ ಮುಂಬಾಗಿಲಿಂದಲೇ ಹೋದೆವು. ಹೊಟ್ಟೆಯ ಮೇಲಿಟ್ಟು ಕೂಸಿನ ಎದೆಬಡಿತ ಕೇಳುವ ಮರದ ಕೊಳವೆಯೊಂದು ಅವ್ವನ ಹತ್ತಿರ ಇತ್ತು. ಅದನ್ನು ಅವ್ವ ತಾನು ಮುಟ್ಟದೆ ಹೊಸ ನರ್ಸಿನ ಕೈಗೆ ಕೊಟ್ಟಳು. ‘ಎಷ್ಟು?’ ಎಂದು ಕೇಳುವುದು, ಅವಳು ಹೇಳಿದ ಮೇಲೆ ತಾನೊಮ್ಮೆ ಕೇಳಿ ನೋಡಿ ‘ಸರಿಯಾಗದೆ’ ಅನ್ನುವುದು. ಆ ಹೆಂಗಸು ನನ್ನನ್ನು ಕಂಡು ಎದ್ದು ಕೂತಳು.

‘ಈ ಕೂಸೇ ಅಲ್ವಾ ನನ್ನೆಲೆ ಈಸ್ಕಂಡಿದ್ದು. ಅವತ್ತಿಂದ ನಂಗೆ ನೆಮ್ಮದಿಯಾಗಿ ಕಣ್ಣಿಗೆ ನಿದ್ದೆ ಬತ್ತದೆ’ ಅಂದಳು. ಒಳಗಿನಿಂದ ಅತ್ತೆಯನ್ನು ಕರೆದು ನನಗೆ ಹುರಿಗಡಲೆ, ಬೆಲ್ಲ ಕೊಡಿಸಿದಳು. ಕೈಯಲ್ಲಿ ಹಿಡಿದುಕೊಂಡೆ, ಬಾಯಿಗೆ ಹೋಗಲಿಲ್ಲ. ಅವಳ ಉಪಕಾರಕ್ಕಲ್ಲ ನಾನು ಕೈ ಒಡ್ಡಿದ್ದು ಎಂದು ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ನನ್ನ ಭಾರ ಇಳಿದು ಅವಳ ನಿದ್ದೆ ಕೆಡುತ್ತಿತ್ತು, ಅಷ್ಟು ಬುದ್ಧಿ ಅಷ್ಟು ಹೊತ್ತಿಗೆ ಬಂದಿತ್ತು.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಅವಳ ಗಂಡ ಸೈಕಲ್ಲಿನಲ್ಲಿ ಬಂದ. ಭಾನುವಾರವಾದ್ದರಿಂದ ನಾನೂ ಹೊರಟೆ. ಹೋಗುವಷ್ಟರಲ್ಲಿ ಹೊಸ ನರ್ಸು ಅಲ್ಲಿದ್ದಳು, ನೀರು ಕುದಿಯುತ್ತಿತ್ತು. ನನ್ನನ್ನು ನಡುಮನೆಯ ಬಾಗಿಲ ಹತ್ತಿರ ಕೂರಿಸಿದರು, ಕೇಳಿದ್ದನ್ನು ತಂದುಕೊಡುವುದು ನನ್ನ ಕೆಲಸ. ಬಾಗಿಲು ಅರ್ಧ ತೆರೆದಿತ್ತು, ಕಾಣಬೇಕಾದದ್ದು ಕಾಣುತ್ತಿತ್ತು. ಅವ್ವ ಬಸುರಿಯ ತಲೆಯ ಹತ್ತಿರ ಕೂತು ಅವಳ ಕೈ ಹಿಡಿದುಕೊಂಡಿದ್ದಳು. ಕಾಲಿನ ಕಡೆ ಇದ್ದವಳು ಹೊಸ ನರ್ಸು.

‘ನರ್ಸವ್ವ, ನೀನು ಬಾ ಆ ಕಡೀಕೆ’ ಎಂದು ಬಸುರಿ ನರಳುತ್ತ ಅಂದಳು.

‘ನಾ ಇಲ್ಲೇ ಇವ್ನಿ. ಅವಳ ಕೈ ನನ್ ಕೈಯೇ. ನೀನು ನನ್ನ ಮುಖ ನೋಡ್ಕಂಡು ತಿಣುಕು’ ಅಂದಳು ಅವ್ವ.

ಆ ಮೆತ್ತನೆಯ ದನಿಯ ಹುಡುಗಿಗೆ ಅವತ್ತು ಎಲ್ಲಿಂದ ದನಿ ಬಂತೋ. ‘ಈಗ ಬೇಡ, ಉಸ್ರು ಬುಡಿ. ಈಗ, ಈಗ’ ಎಂದು ಹೇಳುತ್ತ ಹೇಳುತ್ತ ಗದರಿಸಿದಳು ಕೂಡ. ಅವ್ವನ ಹೆಬ್ಬೆರಳು ಬಸುರಿಯ ಕೈಯ ಮೇಲೆ ಮೆಲ್ಲಗೆ ಆಡುತ್ತಿತ್ತು, ಕಣ್ಣು ಹುಡುಗಿಯ ಕೈಯ ಮೇಲಿಂದ ಕದಲಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಒಂದು ಕ್ಷಣ ಅಳಲಿಲ್ಲ. ಹುಡುಗಿ ಅದನ್ನು ಬೋರಲು ಹಿಡಿದು ಬೆನ್ನು ಉಜ್ಜಿದಳು, ಬಾಯಿ ಒರೆಸಿದಳು, ಮತ್ತೆ ಉಜ್ಜಿದಳು. ಅತ್ತಿತು. ಹೊರಗೆ ಜಗಲಿಯ ಮೇಲೆ ಅದರ ಅಪ್ಪನೂ ಅತ್ತ. ನಾನಂತೂ ಕೈಯಲ್ಲಿದ್ದ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದೆ, ‘ಅದು ಕೂಸಿಗೆ ಬೇಕು ಕೊಡು’ ಎಂದು ಅವ್ವ ಕಿತ್ತುಕೊಂಡಳು.

ಹೊರಡುವಾಗ ಅತ್ತೆ ಒಂದು ಹೊಸ ಸೀರೆ ತಂದು ಅವ್ವನಿಗೆ ಕೊಡಲು ಬಂದಳು. ಅವ್ವ ಅವಳ ಕೈಯನ್ನು ಹಾಗೇ ಹಿಡಿದು ಹುಡುಗಿಯ ಕಡೆ ತಿರುಗಿಸಿದಳು. ‘ಇವಳ ಕೈಗೆ ಕೊಡಿ. ಇನ್ಮುಂದೆ ಎಲೇನೂ ಅಷ್ಟೇ’ ಅಂದಳು. ಆ ಮುದುಕಿ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, ಸೀರೆಯನ್ನು ಕೈಗೇ ಕೊಟ್ಟಳು.

ಹದಿನಾರಿನಲ್ಲಿ ಬಸ್ಸು ಬರಲು ಇನ್ನೂ ಒಂದು ಗಂಟೆಯಿತ್ತು. ಮಳೆ ನಿಂತು ಬಿಸಿಲು ಬಂದಿತ್ತು. ಅರಳಿಕಟ್ಟೆಯ ಮೇಲೆ ಅವ್ವನ ಪಕ್ಕ ಕೂತೆ. ನನ್ನ ತಲೆಯಲ್ಲಿ ಒಂದೇ ಸುತ್ತುತ್ತಿತ್ತು. ಇವತ್ತು ಆ ಹುಡುಗಿ ಮಾಡಿದ್ದನ್ನು ಜನವರಿಯಲ್ಲೇ ಅವಳಿಗೆ ವಹಿಸಬಹುದಿತ್ತು. ಜೂನಿನಷ್ಟು ಹೊತ್ತಿಗೇ ಅವಳು ತಯಾರಿದ್ದಳು. ಅವ್ವನಿಗೆ ಇದು ಗೊತ್ತಿರಲಿಲ್ಲವೇ? ಆದರೆ ಮೊದಲು ನನ್ನದನ್ನು ಹೇಳದೆ ಅವಳನ್ನು ಕೇಳುವ ಮುಖ ನನಗಿರಲಿಲ್ಲ.

‘ಅವ್ವ, ಆ ಎಲೆ ನಾನು ಬೇಕೂಂತ್ಲೇ ಹಿಡ್ದಿದ್ದು. ಲೆಕ್ಕ ಹಾಕಿ ಹಿಡ್ದೆ. ನೀನು ಹೋಗ್ಬಾರ್ದು ಅಂತ.’

‘ಗೊತ್ತು.’

‘ಯಾವಾಗ ಗೊತ್ತಾಯ್ತು?’

‘ಅವತ್ತೇ. ನಿನ್ನ ಮುಖದಲ್ಲೇ ಬರ್ದಿತ್ತು.’

‘ಮತ್ತೆ ಯಾಕೆ ಬೈಲಿಲ್ಲ? ಯಾಕೆ ಇವಳಿಗೆ ವಹಿಸ್ಲಿಲ್ಲ? ಎಲ್ಲಾ ನನ್ನಿಂದ ಕೆಟ್ಟೋಯ್ತು ಅಂತ ಏಳು ತಿಂಗಳಿಂದ ಬೇಯ್ತಾ ಇವ್ನಿ ನಾನು.’

ಅವ್ವ ಚೀಲದ ಬಾಯಿಯ ದಾರವನ್ನು ಬಿಚ್ಚುವುದು, ಕಟ್ಟುವುದು ಮಾಡಿದಳು. ನಮ್ಮವ್ವ ಹಾಗೆ ಕೂರುವ ಹೆಂಗಸಲ್ಲ.

‘ನಂಗೆ ಹೆದ್ರಿಕೆಯಾಗಿತ್ತು ಕಣವ್ವ’ ಅಂದಳು. ‘ಇಲ್ಲಿ ನೋವು ತಿನ್ನೋಳು ಒಂದು ಸಲ ನರಳಿದ್ರೆ ನಂಗೆ ಎಲ್ಲಾ ತಿಳೀತದೆ. ಅಲ್ಲಿ ಭಾಷೆ ಬರಾಕಿಲ್ಲ. ಅವಳು ಏನೋ ಹೇಳ್ತಾಳೆ, ನಂಗೆ ತಿಳೀದೆ ಅವಳ ಜೀವ ಹೋದ್ರೆ? ಡಾಕ್ಟ್ರಮ್ಮ ಏನೋ ಭಾರಿ ನಂಬ್ಕಂಡು ಕರ್ದವ್ರೆ. ಅಪ್ಪ ಹಂಗೆ ಕುಣೀತಾ ಇದ್ರು, ಅಜ್ಜಿ ಓಗು ಅಂದ್ಬುಟ್ಳು. ಯಾರ್ ಹತ್ರ ಹೇಳ್ಲಿ? ತಟ್ಟೇಲಿ ಆ ಎಲೆ ಕಂಡಾಗ, ಸದ್ಯ, ಬದುಕ್ದೆ ಅನ್ನಿಸ್ತು. ನೀನು ಚಿಕ್ಕೋಳು, ತಪ್ಪು ಮಾಡ್ದೆ. ನಾನು ನಿನ್ನ ತಪ್ಪಿನ ಹಿಂದೆ ಅವಿತ್ಕಂಡೆ. ನಿಂದಕ್ಕಿಂತ ನಂದೇ ದೊಡ್ಡದು.’

ಅವ್ವನಿಗೆ ಹೆದರಿಕೆ ಅನ್ನುವುದು ಇದೆ ಅಂತಲೇ ನನಗೆ ಹದಿನಾಲ್ಕು ವರ್ಷ ಗೊತ್ತಿರಲಿಲ್ಲ. ಎಲ್ಲರ ಹೆದರಿಕೆಯನ್ನೂ ಅವಳೇ ಕೇಳುತ್ತಿದ್ದಳು.

ಅವಳು ಚೀಲದ ಒಳಗೆ ಕೈ ಹಾಕಿ, ಮಡಿಸಿ ಮಡಿಸಿ ಅಂಚು ಹರಿದ ನೀಲಿ ಕಾಗದ ತೆಗೆದಳು. ಬಂದು ಮೂರು ವಾರವಾಗಿತ್ತಂತೆ, ಹಳ್ಳಿಯ ಆರೋಗ್ಯ ಕೇಂದ್ರದ ವಿಳಾಸಕ್ಕೆ. ಅಪ್ಪನಿಗೂ ತೋರಿಸಿರಲಿಲ್ಲ. ಬೇರೆಯವರು ಬಂದು ಒಂದೇ ತಿಂಗಳಿಗೆ ಹೊರಟುಹೋದರು, ವಾರ್ಡಿದೆ, ಕಲಿಸುವವರಿಲ್ಲ, ನೀನು ಹಿಡಿದ ಎಲೆ ಮುಗಿದಿದ್ದರೆ ಈಗಲಾದರೂ ಬಾ ಎಂದು ಡಾಕ್ಟರು ಬರೆದಿದ್ದರು. ಹಿಂಬದಿಯಲ್ಲಿ ಅವ್ವನ ದುಂಡು ಅಕ್ಷರದಲ್ಲಿ ಏನೇನೋ ಇತ್ತು. ಅಪ್ಪನ ಪುಸ್ತಕದಿಂದ ಕದ್ದು ಬರೆದುಕೊಂಡ ಮಾತುಗಳು. ನೋವು ಅನ್ನುವುದಕ್ಕೆ ಅಲ್ಲಿ ಏನನ್ನುತ್ತಾರೆ, ಎಲ್ಲಿ, ಎಷ್ಟು ಹೊತ್ತಿನಿಂದ, ಉಸಿರು ಬಿಡು, ತಿಣುಕು, ಹೆದರಬೇಡ. ಎದುರಿಗೆ ಕನ್ನಡದಲ್ಲಿ ಅರ್ಥ. ಇಪ್ಪತ್ತು ಮಾತುಗಳಿರಬಹುದು.

‘ಇಷ್ಟು ಕಲ್ತಿವ್ನಿ’ ಅಂದಳು ಅವ್ವ. ‘ಈಗ ನನ್ನ ಮೇಲೆ ಯಾರ ಎಲೇನೂ ಇಲ್ಲ. ಹೋಗ್ಬೇಕು ಅಂತ ಜೀವ ಅನ್ತದೆ. ಹೆದ್ರಿಕೆಯೇನೂ ಹೋಗಿಲ್ಲ, ಅದು ಹಂಗೇ ಅದೆ. ಆದ್ರೆ ನಿನ್ನ ಅಳಿಸಿ ಕರ್ಕೊಂಡೋಗಾಕೆ ಮನಸಿಲ್ಲ. ನೀನು ಬ್ಯಾಡ ಅಂದ್ರೆ ಇದನ್ನ ಇಲ್ಲೇ ಹರ್ದಾಕ್ತೀನಿ, ಅಪ್ಪಂಗೂ ಹೇಳಾಕಿಲ್ಲ.’

ಬರೀ ಬಾಯಿಮಾತಲ್ಲ ಅದು, ಅವಳು ಹರಿಯುವವಳೇ. ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ನನಗೆ ಬೆಳಗಿನ ಆ ಅರ್ಧ ತೆರೆದ ಬಾಗಿಲು, ಅಳದೆ ಇದ್ದ ಕೂಸು, ಅದರ ಬೆನ್ನು ಉಜ್ಜಿದ ಹುಡುಗಿ ಕಣ್ಣಿಗೆ ಕಟ್ಟಿದ್ದವು. ಆ ಹುಡುಗಿಗೆ ಕಲಿಸಿದವಳು ನನ್ನ ಪಕ್ಕ ಕೂತು ನನ್ನ ಅಪ್ಪಣೆಗೆ ಕಾಯುತ್ತಿದ್ದಳು.

‘ಬತ್ತೀನಿ. ಒಂದು ಕರಾರು’ ಅಂದೆ.

‘ಏನು, ಥ್ರೋಬಾಲಾ?’

‘ಅಲ್ಲ. ನಿಂಗೆ ಹೆದ್ರಿಕೆಯಾದ್ರೆ ನಂಗೆ ಹೇಳ್ಬೇಕು. ಬೇರೆ ಎಲ್ಲಾರ್ಗಿಂತ ಮೊದ್ಲು ನಂಗೆ.’

ಅವ್ವ ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನನ್ನು ಸರಿಯಾಗಿ ನೋಡಿ ‘ಆಯ್ತು’ ಅಂದಳು. ಬಸ್ಸು ಹತ್ತಿದೆವು. ಅಪ್ಪನಿಗೆ ನಾನೇ ಹೇಳಿದೆ. ಅವನು ಉತ್ತರಪತ್ರಿಕೆ ತಿದ್ದುತ್ತಿದ್ದ, ಕೆಂಪು ಪೆನ್ನಿನಲ್ಲಿ ಯಾವನೋ ಹುಡುಗನ ತಪ್ಪು ಲೆಕ್ಕಕ್ಕೆ ಪೂರ್ತಿ ಅಂಕ ಕೊಟ್ಟುಬಿಟ್ಟ. ಕಾಗದ, ರಜೆ, ಸೂಜಿಮದ್ದು, ಸಹಿ ಎಲ್ಲ ಮುಗಿಯಲು ನವೆಂಬರ್ ಆಯಿತು. ಹೊರಡುವ ದಿನ ನಂಜನಗೂಡಿನ ರೈಲು ನಿಲ್ದಾಣಕ್ಕೆ ಅಜ್ಜಿ ಮಾವನ ಮಕ್ಕಳನ್ನೆಲ್ಲ ಕಟ್ಟಿಕೊಂಡು ಬಂದು, ಅಳುವವರನ್ನು ಗದರಿಸುತ್ತ ನಿಂತಿದ್ದಳು.

ಬೊಂಬಾಯಿಯಲ್ಲಿ ವಿಮಾನ ಹತ್ತಿ ಕೂತೆವು. ಅಪ್ಪ ಕಿಟಕಿಯಲ್ಲಿ ಮುಖವಿಟ್ಟು ಕೆಳಗಿನ ಗಾಡಿಗಳನ್ನು ನೋಡು ನೋಡು ಅನ್ನುತ್ತಿದ್ದ. ವಿಮಾನ ಅಲ್ಲಾಡುತ್ತ ಓಡಲು ಶುರು ಮಾಡಿದಾಗ ಅವ್ವನ ಕೈ ಬಂದು ನನ್ನ ಕೈಯನ್ನು ಹಿಡಿಯಿತು. ಅಂಗೈ ಪೂರ್ತಿ ಬೆವೆತಿತ್ತು. ಬಗ್ಗಿ, ಅಪ್ಪನಿಗೆ ಕೇಳದ ಹಾಗೆ, ನನ್ನ ಕಿವಿಯಲ್ಲಿ ಹೇಳಿದಳು.

‘ಭಾಳ ಹೆದ್ರಿಕೆಯಾಯ್ತದೆ ಕಣವ್ವ.’

ಆ ವಿಮಾನದಲ್ಲಿ ನನ್ನಷ್ಟು ಖುಷಿಯಾಗಿ ಕೂತವರು ಇನ್ನೊಬ್ಬರು ಇದ್ದಿರಲಾರರು.